ಓಡಲು ಕಲಿತ ನಾಯಿಗೆ ನಿಲ್ಲಲು ಕಲಿಸುವವರಾರು?

ಚಿಕ್ಕೋಡಿಯಿಂದ ರಾಯಬಾಗಕ್ಕೋ ಕಾಗವಾಡದಿಂದ ಅಥಣಿಗೋ ಬೆಳಗಿನ ಬಸ್ಸು ಹಿಡಿಯುವ ಮಂದಿಗೆ ಈ ನೋಟ ಹೊಸದಲ್ಲ. ಕಬ್ಬು ಕಟಾವಾಗಿ, ಜೋಳ ಕಿತ್ತು, ಹೊಲ ಬಟಾಬಯಲಾದ ದಿನಗಳು. ಬಸ್ಸಿನ ಬಗಲಿಗೇ ಒಂದು ಮೋಟಾರ್ ಸೈಕಲ್. ಮುಂದೊಬ್ಬ, ಹಿಂದೊಬ್ಬ, ನಡುವೆ ಸೆಟೆದು ಕುಳಿತ ಒಂದು ನಾಯಿ. ಉದ್ದ ಮೋತಿ, ಬೆನ್ನಿಗೆ ಹತ್ತಿದ ಹೊಟ್ಟೆ, ಎಣಿಸಿದರೆ ಲೆಕ್ಕಕ್ಕೆ ಸಿಗುವ ಪಕ್ಕೆಲುಬು. ಪಾಪ, ಉಣ್ಣಲಿಕ್ಕೆ ಹಾಕುವುದಿಲ್ಲವೇನೋ ಎಂದು ಹೊಸಬರು ಮರುಗುತ್ತಾರೆ. ಮರುಗುವ ಕಾರಣವಿಲ್ಲ. ಅದರ ಮೈಕಟ್ಟೇ ಹಾಗೆ. ಮನೆಯ ಹುಡುಗರಿಗೆ ಸಿಗದ ಹಾಲು, ಮೊಟ್ಟೆ ಅದಕ್ಕೆ ಸಿಗುತ್ತಿದ್ದರೂ ಆಶ್ಚರ್ಯವಿಲ್ಲ.

ಮಡ್ಡಿಯ ಅಂಚಿಗೆ ಗಾಡಿ ನಿಲ್ಲುತ್ತದೆ. ಕೊರಳ ಹಗ್ಗ ಕಳಚುತ್ತದೆ. ಮುಂದಿನದನ್ನು ಬಸ್ಸಿನವರು ನೋಡುವುದಿಲ್ಲ, ಅಷ್ಟರಲ್ಲಿ ತಿರುವು ಬಂದಿರುತ್ತದೆ. ಕಂಟಿಯ ಬುಡದಿಂದ ಗೌಜಲಕ್ಕಿ ಬುರ್ರೆಂದು ಏಳುತ್ತದೆ, ಇಲ್ಲವೇ ಮೊಲ ನೆಗೆಯುತ್ತದೆ. ನಾಯಿ ಬಿಟ್ಟ ಬಾಣದ ಹಾಗೆ ಹೋಗುತ್ತದೆ. ಯಾರಾದರೂ ಕೇಳಿದರೆ ಉತ್ತರ ತಯಾರೇ ಇರುತ್ತದೆ: "ಏನಿಲ್ರಿ ಸಾಹೇಬ್ರ, ನಾಯಿಗೆ ಓಡೂದು ಕಲಸಾಕತ್ತೇವ್ರಿ."

ಕಲಿಸಲಿ, ಬೇಡವೆಂದವರಾರು? ಆದರೆ ಕಲಿಸುತ್ತಿರುವುದು ಏನು, ಅದು ಕಾಯ್ದೆಯ ಯಾವ ಕಡೆಗೆ ಬೀಳುತ್ತದೆ, ಅದರಿಂದ ನಾಯಿಗಾದರೂ ಏನು ಫಾಯದೆ, ಇದನ್ನು ಒಂದಿಷ್ಟು ವಿಚಾರ ಮಾಡಬೇಕಾಗಿದೆ. ಏಕೆಂದರೆ ಬೇಟೆ ನಾಯಿಯ ಹೌಸಿ ನಮ್ಮ ಐದೂ ತಾಲೂಕುಗಳಲ್ಲಿ ಇದೆ. ನಿಪ್ಪಾಣಿಯ ತಂಬಾಕಿನ ಹೊಲದಲ್ಲಿದೆ, ಉಗಾರದ ಕಬ್ಬಿನ ಗದ್ದೆಯಲ್ಲಿದೆ, ಅಥಣಿಯ ಮೂಡಣ ಮಡ್ಡಿಯಲ್ಲಂತೂ ಇದ್ದೇ ಇದೆ.

ಎಲ್ಲಾ ಒಂದೇ ಬಳಗ

ಇಂಗ್ಲಿಷ್ ಸಿನಿಮಾ ನೋಡುವವರಿಗೆ ಫೆಸೆಂಟ್ ಎಂಬ ಹಕ್ಕಿ ಗೊತ್ತು. ಕೋಳಿಗಿಂತ ತುಸು ತೆಳ್ಳಗೆ, ಉದ್ದ ಬಾಲ, ಗಂಡಿಗೆ ತಾಮ್ರದ ಬಣ್ಣ. ದೊರೆಗಳು, ಜಮೀನುದಾರರು ಕೋವಿ ಹಿಡಿದು ಸಾಲಾಗಿ ನಿಲ್ಲುವುದು, ಆಳುಗಳು ಕೋಲಿನಿಂದ ಪೊದೆ ಬಡಿಯುವುದು, ಹಕ್ಕಿ ಮೇಲೇಳುವುದು, ಗುಂಡು ಹಾರುವುದು, ನಾಯಿ ಓಡಿ ಹೋಗಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ತರುವುದು. ಇಷ್ಟು ಅದರ ಕಥೆ. ಮಜಾ ಎಂದರೆ ಆ ಹಕ್ಕಿ ಇಂಗ್ಲೆಂಡಿನದೇ ಅಲ್ಲ. ಏಶ್ಯಾದಿಂದ ಒಯ್ದು ಅಲ್ಲಿ ಬಿಟ್ಟದ್ದು.

ನಮ್ಮ ಸೀಮೆಯಲ್ಲಿ ಆ ಫೆಸೆಂಟ್ ಇಲ್ಲ. ಆದರೆ ಅದರ ಬಳಗವೆಲ್ಲ ಇಲ್ಲೇ ಇದೆ. ಪಕ್ಷಿಶಾಸ್ತ್ರದವರು ಒಂದೇ ಕುಟುಂಬವೆಂದು ಬರೆದಿಟ್ಟಿರುವುದರಲ್ಲಿ ನವಿಲು ಬರುತ್ತದೆ, ಕಾಡುಕೋಳಿ ಬರುತ್ತದೆ, ಗೌಜಲಕ್ಕಿ, ಲಾವಕ್ಕಿ ಬರುತ್ತವೆ, ಕೊನೆಗೆ ನಮ್ಮ ಹಿತ್ತಲ ಕೋಳಿಯೂ ಬರುತ್ತದೆ. ನಿಪ್ಪಾಣಿ ಕಡೆ ಗೌಜಲಕ್ಕಿಗೆ ಮರಾಠಿಯವರ ಹಾಗೆ ತಿತ್ತರ ಎನ್ನುತ್ತಾರೆ. ಇವೆಲ್ಲ ನೆಲದ ಹಕ್ಕಿಗಳು. ನೆಲದಲ್ಲಿ ಮೇವು, ನೆಲದಲ್ಲೇ ಗೂಡು. ಹಾರುವುದು ಜೀವಕ್ಕೆ ಬಂದಾಗ ಮಾತ್ರ.

ಗೌಜಲಕ್ಕಿಯನ್ನು ನೋಡದವರೂ ಅದರ ಕೂಗು ಕೇಳಿರುತ್ತಾರೆ. ಬೆಳಗಾಗುತ್ತಲೇ ಒಡ್ಡಿನ ಮೇಲಿಂದ ಒಂದು ಸುರು ಮಾಡಿದರೆ ನಾಲ್ಕು ಕಡೆಯಿಂದ ಜವಾಬು ಬರುತ್ತದೆ. ಹಿಂದಿಯವರಿಗೆ ಅದು "ಕ ತೀತರ್, ಕ ತೀತರ್" ಎಂದು ಕೇಳುತ್ತದಂತೆ. ಇನ್ನು ಕೆಲವರ ಕಿವಿಗೆ "ಪಟೀಲಾ, ಪಟೀಲಾ" ಎಂದು ಕೇಳುತ್ತದೆ. ಓಣಿಗೆ ನಾಲ್ಕು ಮನೆ ಪಾಟೀಲರಿರುವ ನಮ್ಮ ಕಡೆ ಅದು ಯಾವ ಪಾಟೀಲರನ್ನು ಕರೆಯುತ್ತದೆಂದು ಹೇಳುವುದು ಕಷ್ಟ.

ರಾತ್ರಿ ಗುಂಪಾಗಿ ಜಾಲಿಯಂಥ ಮುಳ್ಳುಗಿಡದಲ್ಲಿ ಕೂಡುತ್ತದೆ. ಹಗಲು ಹುಲ್ಲಿನ ಬೀಜ, ಗೆದ್ದಲು, ಹುಳುಹುಪ್ಪಡಿ ಹೆಕ್ಕುತ್ತದೆ. ರೈತನಿಗೆ ಅದರಿಂದ ನಷ್ಟವಿಲ್ಲ, ಲಾಭವೇ. ಹುಲ್ಲಿನ ಮರೆಯಲ್ಲಿ ನೆಲ ಕೆದರಿ ಆರೆಂಟು ಮೊಟ್ಟೆ ಇಡುತ್ತದೆ. ಮನುಷ್ಯರು ಬಂದರೆ ಹಾರುವ ಬದಲು ಓಡುತ್ತದೆ. ತೀರ ಕಾಲ ಬುಡಕ್ಕೆ ಬಂದಾಗ ಎದ್ದು, ನೆಲಮಟ್ಟದಲ್ಲೇ ತುಸು ದೂರ ಹಾರಿ ಮತ್ತೆ ಇಳಿದು ಓಡುತ್ತದೆ. ಈ ಓಡುವ ಚಟವೇ ಅದಕ್ಕೆ ಮುಳುವು. ಓಡುವುದನ್ನು ಕಂಡರೆ ತಡೆಯಲಾರದ ಪ್ರಾಣಿಯೊಂದನ್ನು ನಾವು ಸಾಕಿದ್ದೇವೆ.

ಮೂಗಿನ ನಾಯಿ, ಕಣ್ಣಿನ ನಾಯಿ

ವಿಲಾಯತಿಯ ಹಕ್ಕಿ ನಾಯಿ ಬೇರೆ, ನಮ್ಮ ನಾಯಿ ಬೇರೆ. ಇಷ್ಟು ತಿಳಿಯದೆ ಮಾತಾಡುವವರೇ ಬಹಳ.

ಅಲ್ಲಿಯ ಪಾಯಿಂಟರ್, ಸೆಟರ್, ಸ್ಪ್ಯಾನಿಯಲ್, ಲ್ಯಾಬ್ರಡಾರ್ ಇವೆಲ್ಲ ಮೂಗಿನ ಮೇಲೆ ಬದುಕುವ ನಾಯಿಗಳು. ಪಾಯಿಂಟರ್ ಗಾಳಿಗೆ ಎದುರಾಗಿ ಹೊಲದಲ್ಲಿ ಅತ್ತಿಂದಿತ್ತ ಓಡಾಡುತ್ತದೆ. ಹಕ್ಕಿಯ ವಾಸನೆ ಬಡಿದ ಕೂಡಲೇ ಕಲ್ಲಾಗಿ ನಿಲ್ಲುತ್ತದೆ. ಮುಂಗಾಲು ಒಂದು ಮೇಲೆ, ಬಾಲ ನೆಟ್ಟಗೆ, ಮೂಗು ಹಕ್ಕಿಯ ಕಡೆಗೆ. ಯಜಮಾನ ಬರುವವರೆಗೆ ಅಲ್ಲಾಡುವುದಿಲ್ಲ. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸುತ್ತದೆ, ಎಬ್ಬಿಸಿದ ಕೂಡಲೇ ಕೂತುಬಿಡುತ್ತದೆ. ಬೆನ್ನು ಹತ್ತಿತೋ, ಆ ನಾಯಿ ಕೆಟ್ಟ ಹಾಗೆ. ಲ್ಯಾಬ್ರಡಾರ್ ಬಿದ್ದ ಹಕ್ಕಿಯನ್ನು ಗರಿ ಕೊಂಕದಂತೆ ತಂದು ಕೈಗೆ ಕೊಡಬೇಕು.

ನೋಡಿರಿ, ಇದರಲ್ಲಿ ಓಡುವುದು ಎಷ್ಟು, ನಿಲ್ಲುವುದು ಎಷ್ಟು? ಓಡುವುದನ್ನು ನಾಯಿ ಹೊಟ್ಟೆಯಿಂದಲೇ ಕಲಿತು ಬಂದಿರುತ್ತದೆ. ಅಲ್ಲಿಯ ತರಬೇತಿ ಎಂಬುದೆಲ್ಲ ನಿಲ್ಲಿಸುವ ತರಬೇತಿ. ಎಳೆಯ ಮರಿಗೆ ಕೋಲಿನ ತುದಿಗೆ ದಾರ ಕಟ್ಟಿ, ದಾರಕ್ಕೆ ಹಕ್ಕಿಯ ರೆಕ್ಕೆ ಕಟ್ಟಿ ತೋರಿಸುತ್ತಾರೆ. ಮರಿ ನುಗ್ಗಿದರೆ ರೆಕ್ಕೆ ಮೇಲೆ ಹೋಗುತ್ತದೆ. ಹೊಂಚಿ ನಿಂತರೆ ರೆಕ್ಕೆ ಅಲ್ಲೇ ಇರುತ್ತದೆ. ಹತ್ತು ಸಲಕ್ಕೆ ಮರಿಗೆ ಲೆಕ್ಕ ತಿಳಿಯುತ್ತದೆ: ನುಗ್ಗಿದರೆ ನಷ್ಟ. ಆಮೇಲೆ ಇಪ್ಪತ್ತು ಮೂವತ್ತು ಅಡಿಯ ಹಗ್ಗ ಕೊರಳಿಗೆ ಕಟ್ಟಿ ಹೊಲಕ್ಕೆ. ಸೀಟಿ ಒಂದು ಉದ್ದ ಊದಿದರೆ ಕೂಡು, ತುಂಡು ತುಂಡಾಗಿ ಊದಿದರೆ ತಿರುಗಿ ಬಾ. ಮೊದಲು ಅರಿವೆಯ ಸುರುಳಿ ತರುವುದು, ಅದು ಪಕ್ಕಾ ಆದ ಮೇಲೆ ಸುರುಳಿಗೆ ಗರಿ ಸುತ್ತಿ ತರುವುದು. ಗುಂಡಿನ ಸಪ್ಪಳಕ್ಕೆ ಹೆದರಬಾರದೆಂದು ಅದು ಕೂಳು ತಿನ್ನುವ ಹೊತ್ತಿಗೆ ದೂರದಲ್ಲಿ ಸಪ್ಪಳ ಮಾಡಿ, ದಿನಕ್ಕಿಷ್ಟು ಹತ್ತಿರ ತರುವುದು. ಹೀಗೆ ಒಂದೆರಡು ವರ್ಷ. ನಮ್ಮಲ್ಲಿ ಹುಡುಗರನ್ನು ಸಾಲಿಗೆ ಕಳಿಸಲಿಕ್ಕೂ ಇಷ್ಟು ತಾಳ್ಮೆ ತೋರಿಸುವವರು ಕಡಿಮೆ.

ನಮ್ಮ ನಾಯಿ ಎಂದರೆ ಮುಧೋಳ ನಾಯಿ. ಮಹಾರಾಷ್ಟ್ರದವರಿಗೆ ಇದೇ ಕಾರವಾನಿ. ಕಿವಿಗೆ, ಬಾಲಕ್ಕೆ ರೇಶಿಮೆಯಂಥ ಕೂದಲು ಜೋತಿದ್ದರೆ ಪಶ್ಮಿ. ಗಂಡು ನಾಯಿಯ ಹೆಗಲ ಎತ್ತರ 68ರಿಂದ 72 ಸೆಂಟಿಮೀಟರ್, ಹೆಣ್ಣಿನದು 64ರಿಂದ 68. ಆಳವಾದ ಎದೆ, ಸಣ್ಣ ನಡ, ಕಮಾನಿನಂತೆ ಬಾಗುವ ಬೆನ್ನು. ಇದು ಕಣ್ಣಿನ ನಾಯಿ. ವಾಸನೆ ಹಿಡಿದು ತಲೆ ತಗ್ಗಿಸಿ ಹುಡುಕುವ ಜಾಯಮಾನವಲ್ಲ. ದೂರದಲ್ಲಿ ಏನೋ ಅಲುಗಿತು ಎಂದರೆ ಅದರ ಬುದ್ಧಿ ಅಲ್ಲಿಗೆ ಹೋಗಿ ಆಯಿತು, ಮೈ ಹಿಂದಿನಿಂದ ಹೋಗುತ್ತದೆ. ಮೊಲ, ಚಿಗರಿಗಳ ಬೆನ್ನು ಹತ್ತಲೆಂದೇ ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ್ದು.

ಇಂಥ ನಾಯಿಯನ್ನು ಹಕ್ಕಿಯ ಮೇಲೆ ಬಿಟ್ಟರೆ ಏನಾಗುತ್ತದೆ? ಹಾರಿದ ಹಕ್ಕಿ ಪಾರಾಗುತ್ತದೆ. ನಾಯಿ ಒಂದು ಫರ್ಲಾಂಗು ಓಡಿ, ಮೇಲೆ ನೋಡಿ, ನಾಲಿಗೆ ಚಾಚಿ ತಿರುಗಿ ಬರುತ್ತದೆ. ಸಿಗುವುದು ಯಾವುದು? ಇನ್ನೂ ರೆಕ್ಕೆ ಬಲಿಯದ ಮರಿ, ಮೊಟ್ಟೆ ಬಿಟ್ಟು ಏಳಲೊಲ್ಲದ ಹೇಂಟೆ. ಒಂದು ಹೇಂಟೆ ಹೋದರೆ ಗೂಡು ಪೂರ್ತಿ ಹೋದಂತೆ. ಇದರಲ್ಲಿ ನಾಯಿಯ ಶೌರ್ಯವೇನು ಬಂತು?

ಅರಸರ ಕಾಲದ ಮಾತು

ಹಳಬರು ಕೂಡಲೇ ಹೇಳುವ ಮಾತು ಒಂದಿದೆ: ಬೇಟೆ ನಮ್ಮ ನಾಡಿನ ರೂಢಿ, ಅರಸರೇ ಆಡಿದ್ದು. ಖರೆ. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಕೊಲ್ಲಾಪುರ ದರಬಾರಿನಲ್ಲಿ ಸಿವಂಗಿಗಳನ್ನು, ಅಂದರೆ ಚೀತಾಗಳನ್ನು, ಕಣ್ಣಿಗೆ ಪಟ್ಟಿ ಕಟ್ಟಿ ಗಾಡಿಯಲ್ಲಿ ಒಯ್ದು ಚಿಗರಿಗಳ ಮೇಲೆ ಬಿಡುತ್ತಿದ್ದರು. ದೇಶದ ಸಿವಂಗಿ ಮುಗಿಯುತ್ತ ಬಂದಾಗ ಆಫ್ರಿಕದಿಂದ ತರಿಸಿದರು. 1952ರಲ್ಲಿ ಭಾರತದಲ್ಲಿ ಸಿವಂಗಿ ನಿರ್ನಾಮವಾಯಿತೆಂದು ಸರಕಾರವೇ ಸಾರಿತು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೊದಲ್ಲಿ ಬಿಟ್ಟಿದ್ದು ಎಲ್ಲರಿಗೂ ಗೊತ್ತಿದ್ದದ್ದೇ.

ಜಮಖಂಡಿ ದಾಟಿದರೆ ಮುಧೋಳ. ಅಲ್ಲಿಯ ಘೋರ್ಪಡೆ ಅರಸರಲ್ಲಿ ಮಾಲೋಜಿರಾವ್ ಎಂಬವರು ಬೇಡರ ಮನೆಗಳಲ್ಲಿದ್ದ ಈ ನಾಯಿಗಳ ಓಟಕ್ಕೆ ಮೆಚ್ಚಿ, ಆರಿಸಿ ತಳಿ ಮಾಡಿಸಿದರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಮುಧೋಳ ಹೌಂಡ್ ಎಂಬ ಹೆಸರು ನಿಂತದ್ದು ಆಗಿನಿಂದ ಎನ್ನುತ್ತಾರೆ. ಹೆಸರು ಅರಸರದಾಯಿತು. ನಾಯಿಯನ್ನು ಅದಕ್ಕೂ ಮುಂಚೆ ಉಳಿಸಿಕೊಂಡು ಬಂದವರು ಮಾತ್ರ ಬೇಡರು, ಕುರಿಗಾರರು, ಊರೂರು ತಿರುಗುವ ಜನ. ಇದೇ ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ಬಗ್ಗದೆ, ಆಯುಧ ಒಪ್ಪಿಸಲೊಲ್ಲೆವೆಂದು ಬಂಡೆದ್ದು, ಗಲ್ಲಿಗೇರಿದರು. ಬೇಟೆ ಅವರ ಹೊಟ್ಟೆಪಾಡಾಗಿತ್ತು, ಹೌಸಿಯಲ್ಲ.

ಹೊಟ್ಟೆಪಾಡಿಗೆ ಒಂದು ಹಕ್ಕಿ ಹಿಡಿದವನ ಬಲೆ, ಉರುಲು ಬೇಗ ಜಪ್ತಿಯಾಗುತ್ತವೆ. ಜೀಪಿನಲ್ಲಿ ನಾಯಿ ತಂದವನಿಗೆ ಚಹಾ ಸಿಗುತ್ತದೆ. ಇದು ಈ ವರದಿಗಾರನ ಅಭಿಪ್ರಾಯ, ಒಪ್ಪದವರು ಬಿಡಬಹುದು.

ಅರಸರು ಆಡಿದ ಬಯಲು ಈಗಿಲ್ಲ ಎಂಬುದನ್ನೂ ಹಳಬರು ನೆನೆಯಬೇಕು. ಎರೆ ಭೂಮಿಯಲ್ಲಿ ಗಂಭೀರವಾಗಿ ನಡೆದಾಡುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ನೆಲಹಕ್ಕಿ ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಗೆ ಬಂದು ನಿಂತಿದೆ. ಚಿಂಕಾರ ಉಳಿಯಲೆಂದು 2016ರಲ್ಲಿ ಬೀಳಗಿ ಮುಧೋಳಗಳ ನಡುವೆ ಯಡಹಳ್ಳಿ ಅಭಯಾರಣ್ಯ ಮಾಡಬೇಕಾಯಿತು. ಘಟಪ್ರಭಾ ಪಕ್ಷಿಧಾಮ 1974ರದು. ಆದರೆ ನಮ್ಮ ಗೌಜಲಕ್ಕಿಗೆ ಧಾಮವಿಲ್ಲ. ಅದು ಇರುವುದು ನಿಮ್ಮ ನಮ್ಮ ಹೊಲದ ಒಡ್ಡಿನಲ್ಲಿ, ಕಾಲುವೆಯ ದಂಡೆಯಲ್ಲಿ, ಊರ ಗಾಯರಾಣದಲ್ಲಿ. ಕಬ್ಬು ಬಂದ ಮೇಲೆ ಒಡ್ಡು ಸಣ್ಣದಾಯಿತು, ಕಂಟಿ ಹೋಯಿತು. ಉಳಿದಷ್ಟು ಜಾಗದಲ್ಲಿ ನಾಯಿ.

ಕಾಯ್ದೆ ಅನ್ನುವುದೇನು?

"ಹುಲಿ ಹೊಡದ್ರ ಕೇಸು, ತಿತ್ತರಕ್ಕೇನ್ ಕೇಸು?" ಚಹಾದಂಗಡಿಯಲ್ಲಿ ಹೀಗೆ ಮಾತಾಡುವವರಿದ್ದಾರೆ. ಅವರ ಕಿವಿಗೆ ಬೀಳಲೆಂದೇ ಇದನ್ನು ಬಿಡಿಸಿ ಬರೆಯುವುದು.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಆಗಿನ್ನೂ ಲೈಸೆನ್ಸು ತೆಗೆಸಿ ಸಣ್ಣ ಬೇಟೆ ಆಡುವ ಕಿಂಡಿಯೊಂದು ಕಾಯ್ದೆಯಲ್ಲಿತ್ತು. 1991ರ ತಿದ್ದುಪಡಿ ಆ ಕಿಂಡಿಯನ್ನು ಮುಚ್ಚಿತು. ಹೌಸಿಗಾಗಿ ಬೇಟೆ ಎಂಬುದು ಅಂದಿಗೆ ಮುಗಿಯಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಅನುಸೂಚಿಗಳು ಆರರಿಂದ ನಾಲ್ಕಾದವು, ದಂಡ ಏರಿತು. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲು, ಚಿಗರಿ, ಚಿಂಕಾರಗಳು ಒಂದನೆಯ ಅನುಸೂಚಿಯವು. ಅವುಗಳ ತಂಟೆಗೆ ಹೋದರೆ ಸಜೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಏಳರವರೆಗೆ, ದಂಡ 25,000ಕ್ಕೆ ಕಡಿಮೆಯಿಲ್ಲ. ನವಿಲು 1963ರಿಂದ ರಾಷ್ಟ್ರಪಕ್ಷಿ ಬೇರೆ.

ಮುಖ್ಯ ಮಾತು ಇನ್ನೊಂದಿದೆ. ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದು ನಮ್ಮವರು ತಿಳಿದಿದ್ದಾರೆ. ಕಾಯ್ದೆಯ ಎರಡನೆಯ ಕಲಮಿನಲ್ಲಿ ಬೇಟೆ ಎಂಬ ಪದದ ಅರ್ಥ ಕೊಟ್ಟಿದ್ದಾರೆ. ಹಿಡಿಯುವುದು, ಉರುಲು ಹಾಕುವುದು, ಬಲೆ ಬೀಸುವುದು, ಆಮಿಷವೊಡ್ಡುವುದು, ಎಬ್ಬಿಸಿ ಅಟ್ಟುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಇವೆಲ್ಲ ಅದರೊಳಗೇ ಬಂದವು. ಪ್ರಯತ್ನ ಮಾಡಿದರೂ ಬೇಟೆಯೇ. ಹಕ್ಕಿಯ ಗೂಡು, ಮೊಟ್ಟೆ ಕೆಡಿಸಿದರೂ ಬೇಟೆಯೇ. ಆದ್ದರಿಂದ "ನಾಯಿ ಬಿಟ್ವಿ, ಆದ್ರ ಏನೂ ಸಿಗಲಿಲ್ರಿ" ಎಂಬುದು ಕೋರ್ಟಿನಲ್ಲಿ ಸಮಜಾಯಿಷಿಯಲ್ಲ, ತಪ್ಪೊಪ್ಪಿಗೆ.

ಜಪ್ತಿಯ ವಿಷಯ ಕೇಳಿದರೆ ಮೋಟಾರ್ ಸೈಕಲ್ಲಿನ ಕಂತು ಇನ್ನೂ ತುಂಬುತ್ತಿರುವವರು ಬೆವರಬೇಕು. ಅಪರಾಧಕ್ಕೆ ಬಳಸಿ ಜಪ್ತಿಯಾದ ವಾಹನ, ಆಯುಧ, ಬಲೆ ಸರಕಾರದ ಸ್ವತ್ತಾಗುತ್ತವೆ. ಮಾಂಸ ಕೊಂಡವನೂ ಪಾರಲ್ಲ. ಖಾನಾವಳಿಯಲ್ಲಿ ಲಾವಕ್ಕಿ ಸಿಗುತ್ತದಲ್ಲ ಎನ್ನುವಿರಿ. ಅದು ಕೋಳಿಯ ಹಾಗೆ ಫಾರ್ಮಿನಲ್ಲಿ ಬೆಳೆಸುವ ಜಪಾನೀ ಲಾವಕ್ಕಿ. ಹೊಲದಿಂದ ಹಿಡಿದು ತಂದ ಲಾವಕ್ಕಿಗೂ ಅದಕ್ಕೂ ಸಂಬಂಧವಿಲ್ಲ.

ಕಬ್ಬು ಹಾಳು ಮಾಡುವ ಕಾಡುಹಂದಿಯ ಮಾತು ಬೇರೆ. ಅದಕ್ಕೂ ಅರಣ್ಯ ಖಾತೆಯ ಪರವಾನಗಿಯ ದಾರಿಯೇ ದಾರಿ. ಇನ್ನು ಜಾತ್ರೆಗಳಲ್ಲಿ ನಾಯಿ ಓಟದ ಶರ್ತು. ಮುಂದೆ ಜೀವಂತ ಮೊಲ ಬಿಟ್ಟು ನಾಯಿ ಛೂ ಬಿಡುವ ಆಟ ಎಲ್ಲಿಯಾದರೂ ನಡೆದರೆ ಈ ಕಾಯ್ದೆಯ ಜೊತೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಬಂದು ಕೂಡುತ್ತದೆ.

ಹಕ್ಕಿ ಕೊಲ್ಲದ ಹಕ್ಕಿ ನಾಯಿ

ಹಾಗಾದರೆ ನಾಯಿಯನ್ನು ಸರಪಳಿಗೆ ಕಟ್ಟಿ ಮೂಲೆಗೆ ಹಾಕಬೇಕೇ? ಅದೂ ಪಾಪವೇ. ಓಡಲು ಹುಟ್ಟಿದ ಪ್ರಾಣಿಯನ್ನು ಕಟ್ಟಿ ಹಾಕಿದರೆ ಅದು ಹಗ್ಗ ಕಡಿಯುತ್ತದೆ, ಕೋಳಿ ಹಿಡಿಯುತ್ತದೆ, ಕೊನೆಗೆ ಮಂದಿಯನ್ನೂ ಕಚ್ಚುತ್ತದೆ.

ನಾಯಿಗೆ ಹಕ್ಕಿಯ ಕೆಲಸ ಕಲಿಸಿ ಹಕ್ಕಿ ಕೊಲ್ಲದಂತೆ ದುಡಿಸಿಕೊಂಡವರಿದ್ದಾರೆ. ನ್ಯೂಜಿಲೆಂಡಿನಲ್ಲಿ ರಿಚರ್ಡ್ ಹೆನ್ರಿ ಎಂಬ ಮನುಷ್ಯ 1890ರ ದಶಕದಲ್ಲೇ ಬಾಯಿಗೆ ಕುಕ್ಕೆ ಹಾಕಿದ ಬೇಟೆ ನಾಯಿಯನ್ನು ಕಾಡಿಗೆ ಒಯ್ದ. ಅಲ್ಲಿ ಕಾಕಾಪೊ ಎಂಬ ಹಾರಲಾರದ ಗಿಳಿಯುಂಟು. ನಾಯಿ ವಾಸನೆಯಿಂದ ಅದನ್ನು ಹುಡುಕಿ ತೋರಿಸುವುದು, ಈತ ಹಿಡಿದು ಶತ್ರುಗಳಿಲ್ಲದ ನಡುಗಡ್ಡೆಗೆ ಸಾಗಿಸುವುದು. ಆ ದೇಶದಲ್ಲಿ ಈಗಲೂ ಅಪರೂಪದ ಹಕ್ಕಿಗಳನ್ನು ಹುಡುಕಿ ಎಣಿಸಲು ಪರೀಕ್ಷೆ ಪಾಸಾದ ನಾಯಿಗಳಿವೆ. ಅಮೆರಿಕದ ಫ್ಲೋರಿಡಾದಲ್ಲಿ ಫೋರ್ಟ್ ಮೈಯರ್ಸ್ ವಿಮಾನ ನಿಲ್ದಾಣದವರು 1999ರಲ್ಲಿ ಕುರಿ ಕಾಯುವ ತಳಿಯ ನಾಯಿಯೊಂದನ್ನು ರನ್‌ವೇ ಮೇಲಿನ ಹಕ್ಕಿ ಓಡಿಸಲು ಇಟ್ಟುಕೊಂಡರು. ಇಂಜಿನಿಗೆ ಹಕ್ಕಿ ಸಿಕ್ಕರೆ ವಿಮಾನಕ್ಕೇ ಅಪಾಯ. ನಾಯಿ ಹಕ್ಕಿಯನ್ನು ಮುಟ್ಟುವುದಿಲ್ಲ. ಎಬ್ಬಿಸುತ್ತದೆ, ಸೀಟಿಗೆ ತಿರುಗಿ ಬರುತ್ತದೆ. ಹಕ್ಕಿಗೂ ಜೀವ ಉಳಿಯಿತು, ವಿಮಾನದವರಿಗೂ.

ಅಮೆರಿಕದವರೆಗೆ ಹೋಗುವುದೇಕೆ, ನಮ್ಮ ಮಗ್ಗುಲಲ್ಲೇ ಇದೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಉಂಟು. ಅಲ್ಲಿಂದ 2021ರಲ್ಲಿ ನಾಲ್ಕು ಮುಧೋಳ ಮರಿಗಳು ಆಗ್ರಾದ ವಾಯುನೆಲೆಗೆ ಹೋದವು. ಕೆಲಸ ಇದೇ, ರನ್‌ವೇಯಿಂದ ಹಕ್ಕಿ ಪಕ್ಕಿ, ಪ್ರಾಣಿಗಳನ್ನು ಓಡಿಸುವುದು. ಅದಕ್ಕೂ ಮುಂಚೆ 2016ರಲ್ಲಿ ಮೀರತ್‌ನ ಸೈನ್ಯದ ನಾಯಿ ಶಾಲೆಗೆ ಮರಿಗಳು ಹೋಗಿದ್ದವು. ದೇಶದ ನಾಯಿ ಸೈನ್ಯಕ್ಕೆ ನಡೆಯುತ್ತದೆಯೇ ಎಂದು ಮೂಗು ಮುರಿದವರಿಗೆ 2024ರಲ್ಲಿ ಜವಾಬು ಸಿಕ್ಕಿತು. ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣು ನಾಯಿ ವಿದೇಶೀ ತಳಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಹೊಡೆಯಿತು. 2005ರ ಜನವರಿಯಲ್ಲಿ ಅಂಚೆ ಖಾತೆ ದೇಶೀ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಮುಧೋಳ ನಾಯಿಯದೂ ಒಂದಿತ್ತು. ಪ್ರಧಾನಿಗಳು 2020ರ ಆಗಸ್ಟಿನಲ್ಲಿ ರೇಡಿಯೊದಲ್ಲಿ ಈ ನಾಯಿಯ ಹೆಸರೆತ್ತಿದ ಮೇಲಂತೂ ಕೇಳುವವರು ಎಲ್ಲೆಲ್ಲಿಂದಲೋ ಬರುತ್ತಿದ್ದಾರೆ.

ಕಣ್ಣಿನ ನಾಯಿಗೆ ಮೂಗಿನ ಕೆಲಸವನ್ನೂ ಸೀಟಿಯ ಶಿಸ್ತನ್ನೂ ಕಲಿಸಬಹುದೆಂದು ಇದರಿಂದ ರುಜುವಾತಾಯಿತು. ಸರಕಾರಿ ಶಾಲೆಯಲ್ಲಿ ಕಲಿತದ್ದನ್ನು ಚಿಕ್ಕೋಡಿಯ ಹಿತ್ತಲಲ್ಲಿ ಕಲಿಯದೇ?

ಕಲಿಸುವ ಬಗೆ

ಮೊದಲ ಪಾಠ ಹೆಸರು. ಮರಿ ಎರಡು ಮೂರು ತಿಂಗಳದ್ದಿರುವಾಗ ಕೂಳಿನ ಹೊತ್ತಿಗೆ ಹೆಸರು ಹಿಡಿದು ಕರೆಯುವುದು, ಬಂದರೆ ಒಂದು ತುಣುಕು ಕೊಡುವುದು. ಕರೆದದ್ದು ಬೈಯಲಿಕ್ಕೆ ಎಂದು ಅದಕ್ಕೆ ಒಮ್ಮೆ ಅನಿಸಿತೋ, ಕೆಲಸ ಕೆಟ್ಟಿತು. ತಡವಾಗಿ ಬಂದ ನಾಯಿಗೆ ಹೊಡೆಯುವುದು ನಮ್ಮವರ ದೊಡ್ಡ ತಪ್ಪು. ತಡವಾಗಿ ಬಂದುದಕ್ಕೆ ಹೊಡೆದರು ಎಂದು ನಾಯಿ ತಿಳಿಯುವುದಿಲ್ಲ, ಬಂದುದಕ್ಕೆ ಹೊಡೆದರು ಎಂದು ತಿಳಿಯುತ್ತದೆ. ಮರುದಿನ ಬರುವುದೇ ಇಲ್ಲ.

ಆಮೇಲೆ ಉದ್ದ ಹಗ್ಗ ಮತ್ತು ಸೀಟಿ. ಹತ್ತಿ ಹಗ್ಗವಾದರೆ ಒಳ್ಳೆಯದು, ನಾಯ್ಲಾನ್ ಕೈ ಕೊಯ್ಯುತ್ತದೆ. ಹಗ್ಗ ನೆಲದ ಮೇಲೆ ಎಳೆದಾಡಲಿ, ನಾಯಿ ತನ್ನ ಪಾಡಿಗೆ ತಿರುಗಾಡಲಿ. ಸೀಟಿ ಊದಿ, ಹಗ್ಗಕ್ಕೆ ಒಂದು ಸಣ್ಣ ಜಗ್ಗು, ಬಂದ ಕೂಡಲೇ ಬೆನ್ನು ಸವರುವುದು. ನೂರು ಸಲ ಬರುವವರೆಗೆ ಹಗ್ಗ ಬಿಚ್ಚಬಾರದು. ನಮ್ಮವರು ಎಡವುವುದು ಇಲ್ಲಿಯೇ. ಹತ್ತು ಸಲ ಬಂತೆಂದು ಹನ್ನೊಂದನೆಯ ಸಲಕ್ಕೆ ಹಗ್ಗ ಬಿಚ್ಚುತ್ತಾರೆ, ಆಗಲೇ ಒಂದು ಮೊಲ ಏಳುತ್ತದೆ.

ಓಟಕ್ಕೆ ಜೀವದ ಹಕ್ಕಿಯೇ ಬೇಕೆಂದಿಲ್ಲ. ಚಕ್ರಕ್ಕೆ ಹಗ್ಗ ಸುತ್ತಿ, ತುದಿಗೆ ಅರಿವೆಯ ಗಂಟು ಕಟ್ಟಿ, ನೆಲದ ಮೇಲೆ ಜೋರಾಗಿ ಎಳೆದರೆ ಕಣ್ಣಿನ ನಾಯಿಗೆ ಅದೇ ಮೊಲ. ಹೊರದೇಶಗಳಲ್ಲಿ ಗ್ರೇಹೌಂಡುಗಳನ್ನು ಓಡಿಸುವುದೂ ಯಂತ್ರದ ಮೊಲದ ಹಿಂದೆಯೇ. ಗಂಟು ಓಡುತ್ತಿರುವಾಗಲೇ ಸೀಟಿ ಊದಿ ನಾಯಿಯನ್ನು ತಿರುಗಿಸಿದವನೇ ಖರೆ ಉಸ್ತಾದ. ನಮ್ಮ ಜಾತ್ರೆಯ ಶರ್ತಿನಲ್ಲಿ ಮೊದಲು ಮುಟ್ಟಿದ ನಾಯಿಗೆ ಬಹುಮಾನವಿದೆ, ಅರ್ಧ ದಾರಿಯಲ್ಲಿ ಕರೆದರೆ ನಿಂತ ನಾಯಿಗೂ ಒಂದು ಬಹುಮಾನ ಇಟ್ಟು ನೋಡಲಿ. ಮುಂದಿನ ವರ್ಷಕ್ಕೆ ಊರಿನ ಅರ್ಧ ನಾಯಿಗಳು ಶಿಸ್ತು ಕಲಿತಿರುತ್ತವೆ. ಬಹುಮಾನದ ಆಸೆಗೆ ನಮ್ಮ ಮಂದಿ ಏನನ್ನು ಬೇಕಾದರೂ ಕಲಿಸಿಯಾರು.

ವರ್ಷ ತುಂಬುವವರೆಗೆ ದೊಡ್ಡ ಓಟ ಬೇಡ. ಎಲುಬು ಇನ್ನೂ ಬಲಿಯುತ್ತಿರುತ್ತವೆ. ಹೊಟ್ಟೆ ತುಂಬ ಹಾಕಿ ಓಡಿಸಲೇಬಾರದು. ಆಳದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ, ತಿರುಚಿ, ಗಂಟೆಗಳಲ್ಲಿ ಜೀವ ಹೋಗುವುದುಂಟು. ಬೇಸಿಗೆಯಲ್ಲಿ ಹೊತ್ತು ಏರಿದ ಮೇಲೆ ಹೊರಗೆ ತೆಗೆಯಬಾರದು. ಜೋಳದ ನುಚ್ಚು, ಮಜ್ಜಿಗೆ, ರೊಟ್ಟಿ ಹಿಂದಿನಿಂದ ಬಂದ ಊಟ, ತಪ್ಪಿಲ್ಲ. ಆದರೆ ಓಡುವ ನಾಯಿಗೆ ಮೊಟ್ಟೆಯೋ ಮಾಂಸವೋ ಜೊತೆಗೆ ಬೇಕು.

ಸಂತೆಯ ಮರಿ

ಕಡೆಯದಾಗಿ ಕೊಳ್ಳುವವರಿಗೆ. "ಪಕ್ಕಾ ಮುಧೋಳ ಐತ್ರಿ, ಅಣ್ಣಾರ" ಎಂದು ಚೀಲದಿಂದ ತೆಗೆದು ತೋರಿಸುವ ಮರಿಗಳಲ್ಲಿ ಪಕ್ಕಾ ಎಷ್ಟು ಎಂಬುದು ಆರು ತಿಂಗಳು ಕಳೆದ ಮೇಲೆ ತಿಳಿಯುತ್ತದೆ. ಶರ್ತಿನಲ್ಲಿ ವೇಗ ಬರಲೆಂದು ವಿದೇಶೀ ಗ್ರೇಹೌಂಡಿನ ಜೊತೆ ಕಲಬೆರಕೆ ಮಾಡುವವರಿದ್ದಾರೆ. ಅಂಥದು ಎರಡು ನಿಮಿಷ ಜೋರಾಗಿ ಓಡೀತು. ನಮ್ಮ ಬಿಸಿಲಲ್ಲಿ, ನಮ್ಮ ಕಲ್ಲುಮಡ್ಡಿಯಲ್ಲಿ ತಾಳುವ ಗುಣ ಹೋಗುತ್ತದೆ. ತಾಯಿಯನ್ನು ನೋಡದೆ ಮರಿ ಕೊಳ್ಳಬೇಡಿರಿ. ಸಾಧ್ಯವಾದರೆ ತಂದೆಯನ್ನೂ ನೋಡಿರಿ.

2017ರ ನಿಯಮಗಳ ಪ್ರಕಾರ ನಾಯಿ ತಳಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಸಂತೆಗೆ ಬರುವ ಮರಿಗಳಲ್ಲಿ ಕಣ್ಣು ಸರಿಯಾಗಿ ತೆರೆಯದವೂ ಇರುತ್ತವೆ. ಅವು ಹಾಲು ಬಿಟ್ಟ ವಾರಕ್ಕೇ ಪಾರ್ವೊ ಎಂಬ ರಕ್ತಭೇದಿಯಿಂದ ಸಾಯುತ್ತವೆ, ಕೊಂಡವನ ದುಡ್ಡೂ ಹೋಗುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ತಾಲೂಕಿನ ಪಶು ದವಾಖಾನೆಯಲ್ಲಿ ವಿಚಾರಿಸಿ, ಚೀಟಿ ಮಾಡಿಸಿ ಇಟ್ಟುಕೊಳ್ಳಿರಿ. ಖಾತ್ರಿಯ ಮರಿ ಬೇಕೆಂದರೆ ಅಥಣಿಯಿಂದ ಜಮಖಂಡಿ, ಜಮಖಂಡಿಯಿಂದ ಮುಧೋಳ, ಅಲ್ಲಿಂದ ತಿಮ್ಮಾಪುರ. ಹೆಸರು ಬರೆಸಿ ಸರದಿ ಕಾಯಬೇಕಾದೀತು. ಮರಿಯನ್ನು ತರುವಾಗ ಚೀಲ ಬೇಡ, ಗಾಳಿಯಾಡುವ ಬುಟ್ಟಿ ಒಯ್ಯಿರಿ.